ಸೊಲ್ಲು ಬಿಡುವ ಜಾಗ

ಅಕ್ಕನ ದನಿಯನ್ನು ಕೊಂದವನು ನಾನು ಅಂತ ಹೇಳಿದರೆ ಮನೆಯವರೆಲ್ಲ ಬಯ್ಯುತ್ತಾರೆ. ದನಿ ಹೋದದ್ದು ಆಪರೇಷನ್ನಿನಲ್ಲಿ, ಕತ್ತಿನ ಗಂಟು ದನಿಯ ನರಕ್ಕೆ ಅಂಟಿಕೊಂಡಿತ್ತು, ಗಂಟು ತೆಗೆದರೆ ದನಿ ಉಳಿಯೋದು ಕಷ್ಟ ಅಂತ ಡಾಕ್ಟರು ಮೊದಲೇ ಹೇಳಿದ್ದರು, ಇದರಲ್ಲಿ ನಿಂದೇನೈತೆ ಅನ್ನುತ್ತಾರೆ. ಅದು ನಿಜ. ಆದರೆ ಆಪರೇಷನ್ನಿಗೆ ಎರಡು ದಿನ ಮುಂಚೆ, ಆ ದನಿಯನ್ನು ಎತ್ತಿಟ್ಟುಕೊಳ್ಳೋಣ ಅಂತಲೇ ಅವಳನ್ನು ನನ್ನ ಸ್ಟುಡಿಯೋಗೆ ಕರೆಸಿದ್ದೆ. ಎತ್ತಿಡುವ ಕೆಲಸ ನನ್ನದಾಗಿತ್ತು. ಅದನ್ನು ಕೆಡಿಸಿದವನು ನಾನೇ, ಬೇರೆ ಯಾರೂ ಅಲ್ಲ.

ಸ್ಟುಡಿಯೋ ಅಂದರೆ ದೊಡ್ಡದೇನಲ್ಲ. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿಯೊಂದರ ಮೇಲೆ ಎರಡು ಕೋಣೆ. ಒಂದರಲ್ಲಿ ಹಾಡುವವರು, ಇನ್ನೊಂದರಲ್ಲಿ ನಾನು, ನಡುವೆ ಗಾಜು. ಗೋಡೆಗೆಲ್ಲ ಸ್ಪಂಜು ಬಡಿದಿದ್ದರೂ ಕೊಬ್ಬರಿ ವಾಸನೆ ಒಳಗೇ ಇರುತ್ತದೆ, ರೈಲು ಹೋದರೆ ಗಾಜು ಅದುರುತ್ತದೆ. ರೈಲಿನ ಟೈಮು ನೋಡಿಕೊಂಡು ಹಾಡಿಸುತ್ತೇನೆ. ಗಿರಾಕಿಗಳು ಭಜನೆ ಮಂಡಳಿಯವರು, ಊರ ದೇವರ ಮೇಲೆ ಹಾಡು ಕಟ್ಟಿಸುವವರು, ಮಠದ ಕಾರ್ಯಕ್ರಮಕ್ಕೆ ಅಂತ ಹಾಡಿಸಿಕೊಂಡು ಹೋಗುವವರು. ಇವರೆಲ್ಲರ ಬೇಡಿಕೆ ಒಂದೇ. "ದನಿ ಮುಂದಕ್ಕೆ ಬರ್ಬೇಕು ಕಣ್ರೀ." ಟ್ರ್ಯಾಕ್ಟರಿನಲ್ಲಿ ಹಾಕಿದರೂ ಕೇಳಬೇಕು, ಫೋನಿನಲ್ಲಿ ಹಾಕಿದರೂ ಕೇಳಬೇಕು, ತಮಟೆ ಎಷ್ಟೇ ಬಡಿಯಲಿ ದನಿ ಅದರ ಮೇಲೆ ಕೂತಿರಬೇಕು.

ಅದಕ್ಕೆ ಇರುವ ಸಲಕರಣೆಗೆ ಕಂಪ್ರೆಸರ್ ಅನ್ನುತ್ತಾರೆ. ಮನುಷ್ಯ ಹಾಡುವಾಗ ದನಿ ಒಂದೇ ಸಮ ಇರುವುದಿಲ್ಲ. ಒಂದು ಮಾತು ಜೋರು, ಒಂದು ಮಾತು ಮೆತ್ತಗೆ. ಈ ಪೆಟ್ಟಿಗೆ ಜೋರಾದದ್ದನ್ನು ಹಿಡಿದು ತಗ್ಗಿಸುತ್ತದೆ. ಎಲ್ಲ ತಗ್ಗಿದ ಮೇಲೆ ಒಟ್ಟಾರೆ ದನಿಯನ್ನು ನಾವು ಮೇಲಕ್ಕೆ ಎತ್ತುತ್ತೇವೆ. ಆಗ ಮೆತ್ತಗಿದ್ದದ್ದೂ ಜೋರಾದದ್ದರ ಸಮಕ್ಕೆ ಬಂದು ನಿಲ್ಲುತ್ತದೆ. ಸೇರಿಗೆ ರಾಗಿ ತುಂಬಿ ಮೇಲೆ ಅಂಗೈ ಆಡಿಸಿ ಮಟ್ಟ ಮಾಡುತ್ತಾರಲ್ಲ, ಹಾಗೆ. ಹದವಾಗಿ ಮಾಡಿದರೆ ಕೇಳುವವನಿಗೆ ಗೊತ್ತೇ ಆಗುವುದಿಲ್ಲ, ಹಾಡು ಹತ್ತಿರ ಬಂದ ಹಾಗೆ ಇರುತ್ತದೆ. ಹದ ತಪ್ಪಿದರೆ ಹಾಡುವವನ ಏಳುಬೀಳೆಲ್ಲ ಹೋಗಿ ದನಿ ಹಲಗೆ ಥರ ಆಗುತ್ತದೆ.

ಈ ಕೆಲಸ ಕಂಪ್ಯೂಟರಿನೊಳಗೇ ಆಗುತ್ತದೆ. ಮೊದಲು ದನಿಯನ್ನು ಇದ್ದ ಹಾಗೇ ಹಿಡಿದು, ಆಮೇಲೆ ಬೇಕಾದಷ್ಟು ತಗ್ಗಿಸಿ ಏರಿಸಿ ನೋಡಬಹುದು, ಸರಿಹೋಗದಿದ್ದರೆ ತೆಗೆದುಹಾಕಬಹುದು. ಹಾಗೇ ಮಾಡಬೇಕು ಅಂತ ನನಗೆ ಕೆಲಸ ಕಲಿಸಿದವರು ತಲೆಗೆ ಮೊಟಕಿ ಹೇಳಿದ್ದರು. ಆದರೆ ಆ ವರ್ಷ ಬೆಂಗಳೂರಿನಲ್ಲಿ ಮುಚ್ಚುತ್ತಿದ್ದ ಸ್ಟುಡಿಯೋ ಒಂದರಿಂದ ನಿಜವಾದ ಕಬ್ಬಿಣದ ಕಂಪ್ರೆಸರ್ ತಂದಿದ್ದೆ. ಗುಂಡಿಗಳು, ಸೂಜಿಯ ಮೀಟರು, ಹಿಂದಗಡೆ ಕೈ ಇಟ್ಟರೆ ಬೆಚ್ಚಗೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಗಲಿಡೀ ಹಿಡಿದೆ. ಮೈಕಿನಿಂದ ಬರುವ ದನಿಯನ್ನು ನೇರ ಆ ಪೆಟ್ಟಿಗೆಯೊಳಗೆ ಹಾಯಿಸಿ, ಅಲ್ಲಿ ಮಟ್ಟ ಮಾಡಿಸಿಯೇ ಕಂಪ್ಯೂಟರಿಗೆ ಬಿಡುತ್ತಿದ್ದೆ. ಆಮೇಲೆ ಕೆಲಸ ಉಳಿಯುತ್ತದೆ ಅನ್ನೋದು ನನ್ನ ಜಾಣತನ. ಹಾಗೆ ಹಿಡಿದ ದನಿಗೆ ಮೂಲ ಅಂತ ಒಂದು ಇರುವುದಿಲ್ಲ. ಮಟ್ಟ ಮಾಡಿದ್ದೇ ಮೂಲ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ನಾವು ಹುಟ್ಟಿದ್ದು ಹುಲಿಕೆರೆಯಲ್ಲಿ, ಅವಳನ್ನು ಕೊಟ್ಟದ್ದು ಹಗರೆಗೆ. ನಾಲ್ಕು ಹಸು, ಬೆಳಿಗ್ಗೆ ಸಂಜೆ ಡೇರಿಗೆ ಹಾಲು, ಸ್ವಲ್ಪ ರಾಗಿ ಹೊಲ. ಇದರ ನಡುವೆ ಮದುವೆ ಕಾಲ ಬಂತೆಂದರೆ ಸುತ್ತಿನ ಊರಿನವರಿಗೆ ಅವಳು ಬೇಕು. ಎಣ್ಣೆ ಶಾಸ್ತ್ರಕ್ಕೆ, ಅರಿಶಿನ ಹಚ್ಚೋದಕ್ಕೆ, ಹೆಣ್ಣು ಒಪ್ಪಿಸೋದಕ್ಕೆ, ಎಲ್ಲದಕ್ಕೂ ಸೋಬಾನೆ ಪದ ಇತ್ತು ಅವಳ ಬಳಿ. ಅವ್ವನಿಂದ ಕಲಿತದ್ದು. ಹೆಣ್ಣು ಒಪ್ಪಿಸುವ ಪದ ಅವಳು ಹಾಡಿದರೆ ಗಂಡಿನ ಕಡೆಯವರೂ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಸೋಬಾನೆಯನ್ನು ಒಬ್ಬಳೇ ಹಾಡುವುದಿಲ್ಲ. ಮುಂದೆ ಹಾಡುವವಳು ಒಂದು ಸಾಲು ಹೇಳಿ, ಕೊನೆಯ ಮಾತನ್ನು ಪೂರ್ತಿ ಮಾಡದೆ ಇಳಿಸಿ ಬಿಡುತ್ತಾಳೆ. ಪಕ್ಕದಲ್ಲಿ ಕೂತವಳು ಆ ಇಳಿದ ಜಾಗದಿಂದಲೇ ಎತ್ತಿಕೊಂಡು ಸಾಲನ್ನು ಮತ್ತೆ ಹೇಳುತ್ತಾಳೆ, ಉಳಿದ ಹೆಂಗಸರು ಅವಳ ಜೊತೆಗೆ ಸೇರುತ್ತಾರೆ. ಅಷ್ಟರಲ್ಲಿ ಮೊದಲನೆಯವಳು ಉಸಿರು ತೆಗೆದುಕೊಂಡು ಮುಂದಿನ ಸಾಲಿಗೆ ತಯಾರಾಗಿರುತ್ತಾಳೆ. ಇದಕ್ಕೆ ನಮ್ಮ ಕಡೆ ಸೊಲ್ಲು ಬಿಡೋದು, ಸೊಲ್ಲು ಹಿಡಿಯೋದು ಅನ್ನುತ್ತಾರೆ. ಅಕ್ಕ ಬಿಟ್ಟ ಸೊಲ್ಲನ್ನು ಹಿಡಿಯುತ್ತಿದ್ದವರು ಅವಳ ವಾರಗಿತ್ತಿ, ಭಾವನ ತಮ್ಮನ ಹೆಂಡತಿ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇಬ್ಬರೂ ಅಕ್ಕಪಕ್ಕ ಕೂತು ಹಾಡಿದ್ದರು. ಮನೆಯಲ್ಲಿ ಮಾತು ಬಿಟ್ಟಿದ್ದ ದಿನಗಳಲ್ಲೂ ಸೊಲ್ಲು ಬಿಟ್ಟಿರಲಿಲ್ಲ.

ಇದೆಲ್ಲ ನಿನಗೆ ಗೊತ್ತಿರಲಿಲ್ಲವೇ ಅಂತ ಕೇಳಿದರೆ, ಗೊತ್ತಿತ್ತು. ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದು. ಆದರೆ ಅದು ಹೆಂಗಸರ ಹಾಡು, ನಾನು ಸ್ಟುಡಿಯೋ ಇಟ್ಟವನು. ಹಿತ್ತಲ ಗಿಡ ಮದ್ದಲ್ಲ ಅನ್ನೋ ಮಾತನ್ನು ನಾನು ಎಷ್ಟೋ ಜನರಿಗೆ ಹೇಳಿ ನಗಾಡಿದ್ದೇನೆ.

ಆವತ್ತು ಅವರಿಬ್ಬರೂ ಮಧ್ಯಾಹ್ನ ಊಟದ ಹೊತ್ತಿಗೆ ಬಂದರು. ಅಕ್ಕ ಕತ್ತಿಗೆ ಸೆರಗು ಸುತ್ತಿಕೊಂಡಿದ್ದಳು. ಗಂಟು ಹೊರಗೆ ಕಾಣುತ್ತಿತ್ತು, ಮೆಟ್ಟಿಲು ಹತ್ತಿ ಬಂದದ್ದಕ್ಕೆ ಉಸಿರು ಸಿಳ್ಳೆ ಹೊಡೆಯುತ್ತಿತ್ತು. ವಾರಗಿತ್ತಿಯವರು ತಾವೂ ಒಳಗೆ ಹೋಗಿ ಅವಳ ಪಕ್ಕದಲ್ಲಿ ಕೂರಲು ಹೊರಟರು. ನಾನು ತಡೆದೆ. ಇಬ್ಬರ ದನಿ ಒಂದೇ ಮೈಕಿಗೆ ಬಿದ್ದರೆ ಆಮೇಲೆ ಬೇರೆ ಮಾಡೋಕೆ ಆಗಲ್ಲ, ಮೊದಲು ಅಕ್ಕಂದು ಆಗಲಿ, ಆಮೇಲೆ ನಿಮ್ಮದನ್ನ ಹಾಕೋಣ ಅಂದೆ. ಅವರು ನನ್ನ ಪಕ್ಕದ ಕುರ್ಚಿಯಲ್ಲಿ ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತರು.

ಅಕ್ಕನಿಗೆ ಒಂದು ಅಭ್ಯಾಸ. ದನಿ ಮೇಲಕ್ಕೆ ಹೋಗುವಾಗ ಕಿವಿಗೆ ಕೈ ಕೊಟ್ಟು ಮುಖವನ್ನು ಪಕ್ಕಕ್ಕೆ ತಿರುಗಿಸುತ್ತಾಳೆ, ಎದುರಿಗಿದ್ದವರಿಗೆ ಬಡಿಯದ ಹಾಗೆ. ಇಳಿಯುವಾಗ ಮತ್ತೆ ಈ ಕಡೆಗೆ ಬಾಗುತ್ತಾಳೆ. ನನ್ನ ಪೆಟ್ಟಿಗೆ ಮಾಡುವ ಕೆಲಸವನ್ನು ಅವಳು ಬರೀ ಕತ್ತು ತಿರುಗಿಸಿ ಮಾಡುತ್ತಿದ್ದಳು. ಅದನ್ನು ನೋಡಿದ ನನಗೆ ಬುದ್ಧಿ ಬರಬೇಕಿತ್ತು. ಬಂದದ್ದು ಸಿಟ್ಟು.

"ಮೈಕ್ ಬಿಟ್ಟು ಆಚೆ ಈಚೆ ಹೋಗ್ಬೇಡ ಕಣಕ್ಕ, ನೆಟ್ಟಗೆ ಕೂತ್ಕಂಡು ಹಾಡು."

"ಹಸ ಕಟ್ಟಾಕ್ದಂಗೆ ಕೂರ್ಸೀಯಲ್ಲೋ," ಅಂದಳು. "ಇವಳ್ನಾದ್ರೂ ಒಳೀಕೆ ಕಳ್ಸು. ಸೊಲ್ಲು ಯಾರಿಗೆ ಬಿಡ್ಲಿ ನಾನು? ಗ್ವಾಡೆಗಾ?"

"ಗೋಡೆಗೇ ಬಿಡು. ಆಮೇಲೆ ಸೇರಿಸ್ತೀನಿ."

ಬಿಟ್ಟಳು. ಗೋಡೆಯ ಸ್ಪಂಜಿಗೆ ಹನ್ನೊಂದು ಪದ ಹಾಡಿದಳು. ಗಾಜಿನ ಈಚೆ ವಾರಗಿತ್ತಿಯವರ ತುಟಿ ಪ್ರತಿ ಸಾಲಿನ ಕೊನೆಗೂ ಆಡುತ್ತಿತ್ತು, ಸದ್ದು ಮಾಡಬೇಡಿ ಅಂತ ನಾನು ಕೈ ತೋರಿಸಿದ್ದೆ. ನನ್ನ ಕಣ್ಣು ಸೂಜಿಯ ಮೇಲಿತ್ತು. ಗಂಟಿನಿಂದಾಗಿ ಅವಳ ದನಿ ಸಾಲಿನ ಕೊನೆಗೆ ಇನ್ನೂ ಸಣ್ಣದಾಗುತ್ತಿದೆ ಅಂತ ನಾನು ತಿಳಿದುಕೊಂಡೆ. ಪಾಪ, ಕಾಯಿಲೆ, ಜನರಿಗೆ ಗೊತ್ತಾಗಬಾರದು, ಗಟ್ಟಿಯಾಗಿ ಬರಲಿ ಅಂತ ಗುಂಡಿಯನ್ನು ದಿನಕ್ಕಿಂತ ಹೆಚ್ಚು ತಿರುವಿದೆ. ಭಜನೆಯವರಿಗೆ ಮಾಡುವುದಕ್ಕಿಂತ ಎರಡು ಪಾಲು ಹಿಂಡಿದೆ. ಅಕ್ಕನ ಹಾಡಲ್ಲವೇ, ಚೆನ್ನಾಗಿ ಬರಬೇಕು. ಪ್ರೀತಿಯಿಂದಲೇ ಮಾಡಿದೆ. ಅದನ್ನು ಹೇಳಿಕೊಂಡರೆ ಯಾವ ಪ್ರಯೋಜನವೂ ಇಲ್ಲ ಅಂತ ಈಗ ಗೊತ್ತು.

ಹನ್ನೊಂದು ಮುಗಿಯುವ ಹೊತ್ತಿಗೆ ನಾಲ್ಕೂವರೆ. ಹಾಲು ಕರೆಯಬೇಕು, ಬಸ್ಸು ತಪ್ಪಿದರೆ ಆಗುವುದಿಲ್ಲ ಅಂತ ಇಬ್ಬರೂ ಎದ್ದರು. ವಾರಗಿತ್ತಿಯವರ ಪಾಲು ಉಳಿಯಿತು. ಇನ್ನೊಂದು ದಿನ ಬಂದರಾಯಿತು ಅಂತ ನಾನೇ ಹೇಳಿದೆ, ಅವರ ಗಂಟಲಿಗೇನೂ ಆಗಿರಲಿಲ್ಲವಲ್ಲ.

ಆಪರೇಷನ್ ಆಯಿತು. ಡಾಕ್ಟರು ಹೇಳಿದ್ದೇ ಆಯಿತು. ಅಕ್ಕನ ಬಾಯಿಂದ ಬರೀ ಗಾಳಿ ಬರುತ್ತಿತ್ತು, ಕಿವಿ ಹತ್ತಿರ ಇಟ್ಟರೆ ಮಾತು ತಿಳಿಯುತ್ತಿತ್ತು. ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದಳು. ಅವಳು ಅಲ್ಲಿ ಮಲಗಿದ್ದಾಗ ನಾನು ಇಲ್ಲಿ ಕೂತು ಮಿಕ್ಸಿಂಗ್ ಮಾಡಿದೆ. ಒಮ್ಮೆ ಹಿಂಡಿದ್ದನ್ನು ಕಂಪ್ಯೂಟರಿನಲ್ಲಿ ಇನ್ನೊಮ್ಮೆ ಹಿಂಡಿದೆ. ಮೆತ್ತಗಿನದೆಲ್ಲ ಮೇಲೆ ಬಂದಾಗ ಅವಳ ಉಸಿರೂ ಮೇಲೆ ಬಂತು, ಒಲೆ ಊದಿದ ಹಾಗೆ ಜೋರಾಗಿ. ಕೇಳಲು ಚೆನ್ನಾಗಿಲ್ಲ ಅಂತ ಒಂದೊಂದೇ ಉಸಿರನ್ನು ಕತ್ತರಿಸಿ ತೆಗೆದೆ, ಖಾಲಿ ಬಿದ್ದ ಜಾಗವನ್ನು ಹತ್ತಿರ ಎಳೆದು ಸೇರಿಸಿದೆ. ಕೊನೆಗೆ ಹಾಡು ನುಣ್ಣಗೆ, ಗಟ್ಟಿಯಾಗಿ, ಎಲ್ಲೂ ತಡೆಯದೆ ಹರಿಯಿತು. ನನ್ನ ಜೀವಮಾನದ ಕೆಲಸ ಅಂದುಕೊಂಡು ಅಕ್ಕನ ಮಗಳ ಫೋನಿಗೆ ಕಳಿಸಿದೆ. ಅವಳು ಬೇಲೂರಿನಲ್ಲಿ ಡಿಗ್ರಿ ಓದುತ್ತಿದ್ದಳು. ಅಮ್ಮ ಮಲಗಿದ್ದ ಆಸ್ಪತ್ರೆಯಲ್ಲೇ ಕೂತು ಕೇಳಿದಳಂತೆ. "ಮಾವ, ಅಮ್ಮ ಪಕ್ಕದಲ್ಲೇ ಕೂತು ಹಾಡ್ದಂಗೈತೆ" ಅಂತ ಅಳುತ್ತಾ ಫೋನ್ ಮಾಡಿದಳು. ನನಗೆ ಹೆಮ್ಮೆಯಾಯಿತು.

ತಿಂಗಳಾದ ಮೇಲೆ ವಾರಗಿತ್ತಿಯವರು ತಮ್ಮ ಪಾಲು ಹಾಡಲು ಬಂದರು. ಅಕ್ಕನೂ ಜೊತೆಗೆ ಬಂದಿದ್ದಳು. ಅದೇ ಮೊದಲ ಸಲ ಅವಳು ಹಾಡನ್ನು ಕೇಳಿದ್ದು. ಮನೆಯಲ್ಲಿ ಮಗಳು ಎಷ್ಟು ಹೇಳಿದರೂ ಕೇಳಿರಲಿಲ್ಲ, ಇವಳು ಹಾಡೋವಾಗ್ಲೇ ಒಟ್ಟಿಗೆ ಕೇಳ್ತೀನಿ ಅಂದಿದ್ದಳಂತೆ. ವಾರಗಿತ್ತಿಯವರಿಗೆ ಹೆಡ್‌ಫೋನ್ ಹಾಕಿ ಒಳಗೆ ಕೂರಿಸಿ ಹಾಡು ಬಿಟ್ಟೆ. ಮೊದಲ ಸಾಲು ಮುಗಿಯಿತು. ಅವರು ಬಾಯಿ ತೆರೆದರು, ಅಷ್ಟರಲ್ಲಿ ಎರಡನೇ ಸಾಲು ಶುರುವಾಗಿತ್ತು. ನಿಲ್ಲಿಸಿ ಮತ್ತೆ ಬಿಟ್ಟೆ. ಮತ್ತೆ ಹಾಗೇ. ನಾಲ್ಕನೇ ಸಲ ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಎಲ್ಲಿ ಹಿಡೀಲಣ್ಣ? ಅಕ್ಕ ಬಿಡ್ತಾನೇ ಇಲ್ವಲ್ಲ."

ಜಾಗ ಬೇಕಾದರೆ ಮಾಡಿಕೊಡುತ್ತೇನೆ ಅಂದೆ. ಸಾಲುಗಳನ್ನು ದೂರ ಸರಿಸಿದೆ. ಅವರು ಕೇಳಿ ತಲೆ ಅಲ್ಲಾಡಿಸಿದರು. "ಜಾಗ ಅಲ್ಲಣ್ಣ. ಕೊನೇವರ್ಗೂ ಗಟ್ಟಿಯಾಗಿ ಹಿಡ್ಕಂಡವ್ರೆ. ಬಿಟ್ರೆ ತಾನೆ ಹಿಡಿಯೋದು? ಇವ್ರು ಯಾರೋ ನಂಗೊತ್ತಿಲ್ಲ."

ನಾನು ಅಕ್ಕನ ಕಡೆ ತಿರುಗಿದೆ. ಅವಳು ಸ್ಪೀಕರಿನ ಕಡೆಗೇ ನೋಡುತ್ತಾ ಕೂತಿದ್ದಳು, ಕಂಡವರ ಮನೆಗೆ ತಪ್ಪಿ ಬಂದವಳ ಥರ. ಕಿವಿ ಹತ್ತಿರ ಒಯ್ದೆ. "ನಾನಲ್ಲ ಕಣೋ ಇದು," ಅಂದಳು. ಅಷ್ಟೇ ಅಂದದ್ದು. ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು, ಚಿಕ್ಕಂದಿನಲ್ಲಿ ಎಷ್ಟು ಬಯ್ಯುತ್ತಿದ್ದಳು.

ಆವತ್ತಿನಿಂದ ಸರಿ ಮಾಡುವ ಹುಚ್ಚು ಹಿಡಿಯಿತು. ಕತ್ತರಿಸಿದ ಉಸಿರನ್ನೆಲ್ಲ ವಾಪಸ್ ತಂದು ಇಟ್ಟೆ. ಪ್ರತಿ ಸಾಲಿನ ಕೊನೆಯನ್ನೂ ಕೈಯಾರೆ ಇಳಿಸಿದೆ. ಇಳಿಸಬಹುದು, ಅದೇನು ದೊಡ್ಡ ವಿದ್ಯೆಯಲ್ಲ. ಆದರೆ ಎಷ್ಟು ಇಳಿಸಬೇಕು? ಅವಳು ಒಂದೊಂದು ಸಾಲಿಗೂ ಒಂದೊಂದು ಥರ ಇಳಿಸಿದ್ದಳು, ಅರಿಶಿನದ ಪದಕ್ಕೆ ಒಂದು, ಒಪ್ಪಿಸುವ ಪದಕ್ಕೆ ಇನ್ನೊಂದು. ಎಷ್ಟು ಅನ್ನೋದನ್ನು ಪೆಟ್ಟಿಗೆ ತಿಂದುಹಾಕಿತ್ತು. ಅದು ಎಲ್ಲೂ ಬರೆದಿಲ್ಲ, ಯಾವ ತಂತಿಯಲ್ಲೂ ಇಲ್ಲ. ಬೇರೆ ಯಾರಾದರೂ ಹಿಡಿದಿದ್ದಾರೋ ಅಂತ ಅವಳು ಹಾಡಿದ್ದ ಮದುವೆಗಳ ವಿಡಿಯೋ ಕೇಳಿಕೊಂಡು ಊರೂರು ತಿರುಗಿದೆ. ಎಲ್ಲದರಲ್ಲೂ ಶಾಸ್ತ್ರದ ಹೊತ್ತಿಗೆ ಸಿನಿಮಾ ಹಾಡು ಹಾಕಿದ್ದರು. ಅಕ್ಕನ ಬಾಯಿ ಆಡುವುದು ಕಾಣುತ್ತದೆ, ಕೇಳುವುದು ಇನ್ಯಾರದೋ ಡ್ಯುಯೆಟ್.

ಊಹಿಸಿ ಊಹಿಸಿ ಒಂದೊಂದು ರೂಪ ಮಾಡಿ ಹಗರೆಗೆ ಒಯ್ಯುತ್ತಿದ್ದೆ. ಅಕ್ಕ ಹಾಲಿನ ಕ್ಯಾನು ಕೆಳಗಿಟ್ಟು, ಕೈ ಒರೆಸಿಕೊಂಡು ಕೇಳುತ್ತಿದ್ದಳು. ತಲೆ ಅಲ್ಲಾಡಿಸುತ್ತಿದ್ದಳು. ಇಷ್ಟಾ? ಇನ್ನೂ ಕೆಳಗಾ? ಅಂತ ನಾನು ಪೀಡಿಸುತ್ತಿದ್ದೆ. ಹಾಡಿ ತೋರಿಸಲು ಅವಳಿಗೆ ಆಗುತ್ತಿರಲಿಲ್ಲ. ಕೈಯಲ್ಲಿ ತೋರಿಸುತ್ತಿದ್ದಳು, ಆ ಕೈಯನ್ನು ನೋಡಿ ನಾನು ಅಂದಾಜು ಮಾಡುತ್ತಿದ್ದೆ. ಗಣೇಶನ ಮಾಡು ಅಂದರೆ ಅವರಪ್ಪನ ಮಾಡಿದ ಅನ್ನೋ ಹಾಗೆ ಪ್ರತಿ ಸಲವೂ ಬೇರೆಯೇ ಒಬ್ಬಳು ಹೆಂಗಸು ಹುಟ್ಟುತ್ತಿದ್ದಳು, ಯಾರೂ ಅಕ್ಕ ಅಲ್ಲ. ಏಳನೆಯದೋ ಎಂಟನೆಯದೋ ಸಲ ಅವಳು ಕೇಳುವ ಮೊದಲೇ ನನ್ನ ಕೈ ಹಿಡಿದು ಫೋನನ್ನು ಜೇಬಿಗೆ ಹಾಕಿಸಿದಳು. ಬಿಡು ಅಂತ ಸನ್ನೆ ಮಾಡಿದಳು. ಹಸು ಕಾಯುತ್ತಿತ್ತು, ಎದ್ದು ಹೋದಳು.

ನಾನು ಬಿಟ್ಟೆ. ನಾನು ಮೊದಲು ಕಳಿಸಿದ್ದ ಆ ನುಣ್ಣನೆಯ ಹಾಡು ಇನ್ನೂ ಅಕ್ಕನ ಮಗಳ ಫೋನಿನಲ್ಲಿದೆ ಅನ್ನೋದು ಆ ಗಡಿಬಿಡಿಯಲ್ಲಿ ನನ್ನ ತಲೆಗೇ ಹೊಳೆಯಲಿಲ್ಲ.

ಮುಂದಿನ ಮದುವೆ ಕಾಲದಲ್ಲಿ ಗೆಂಡೆಹಳ್ಳಿಯ ನಮ್ಮ ನೆಂಟರ ಮನೆಯಲ್ಲಿ ಹೆಣ್ಣಿನ ಮದುವೆ ಬಂತು. ತಾಯಿ ಹಾಡೋ ಹಾಗಿಲ್ಲ, ಮಗಳೇ ಹಾಡಲಿ ಅಂತ ಅವರು ಅಕ್ಕನ ಮಗಳನ್ನು ಕರೆದಿದ್ದರು. ಅವಳಿಗೂ ಆಸೆ ಇತ್ತು. ಒಂದು ವರ್ಷದಿಂದ ಬೇಲೂರಿನ ಬಸ್ಸಿನಲ್ಲಿ ಹೋಗ್ತಾ ಬರ್ತಾ ಹನ್ನೊಂದೂ ಪದವನ್ನು ಕೇಳಿ ಬಾಯಿಪಾಠ ಮಾಡಿದ್ದಳಂತೆ. ಅಮ್ಮನಿಗೆ ಗೊತ್ತಾಗದ ಹಾಗೆ ಕಲಿತು, ಮದುವೆ ಮನೆಯಲ್ಲೇ ಕೇಳಿಸಬೇಕು ಅಂತ ಗುಟ್ಟಾಗಿ ಇಟ್ಟಿದ್ದಳು. ಆ ಬೆಳಿಗ್ಗೆ ಚಪ್ಪರದ ಕೆಳಗೆ ಮದುವೆ ಹೆಣ್ಣನ್ನು ಕೂರಿಸಿ ಅರಿಶಿನ ಹಚ್ಚಲು ಶುರು ಮಾಡಿದರು. ಅಕ್ಕನ ಮಗಳು ಅಮ್ಮ ಕೂರುತ್ತಿದ್ದ ಹಾಗೆ ಕಾಲು ಮಡಿಸಿ ಕೂತಳು. ಅಕ್ಕ ಮತ್ತು ಅವಳ ವಾರಗಿತ್ತಿ ಹಿಂದಗಡೆ ಗೋಡೆಗೆ ಒರಗಿ ಕೂತಿದ್ದರು. ನಾನು ಅವರ ಪಕ್ಕ, ಬಾಗಿಲ ಹತ್ತಿರ.

ಅಕ್ಕನ ಮಗಳು ಬಾಯಿ ತೆರೆದಳು. ಮೊದಲ ಸಾಲಿಗೇ ನಾನು ನೆಟ್ಟಗೆ ಕೂತೆ.

ಅವಳ ದನಿ ಚೆನ್ನಾಗಿದೆ, ಅಕ್ಕನದೇ ರಕ್ತ. ಆದರೆ ಆ ಹಾಡನ್ನು ನಾನು ಬಲ್ಲೆ. ಮೊದಲ ಮಾತಿನಿಂದ ಕೊನೆಯ ಮಾತಿನವರೆಗೂ ಒಂದೇ ಎತ್ತರ. ಸಾಲಿನ ಕೊನೆಯನ್ನು ಗಟ್ಟಿಯಾಗಿ ಹಿಡಿದು, ಬಿಡದೆ, ಕಳ್ಳ ಉಸಿರು ತೆಗೆದು ತಕ್ಷಣ ಮುಂದಿನ ಸಾಲಿಗೆ ಹಾರುವುದು. ಉಸಿರು ಕೇಳಿಸಬಾರದು ಅಂತ ಅವಳಿಗೆ ಹೇಳಿಕೊಟ್ಟವರು ಯಾರು? ನಾನು ಸ್ಪಂಜಿನ ಕೋಣೆಯಲ್ಲಿ ಕೂತು ಕತ್ತರಿಸಿದ್ದನ್ನೆಲ್ಲ ಆ ಮಗು ಗಂಟಲಲ್ಲಿ ಕತ್ತರಿಸಲು ಕಲಿತಿತ್ತು. ಜೊತೆಗೆ ಹಾಡಲು ಬಂದ ಹೆಂಗಸರು ಎರಡು ಸಾಲು ಕಾದರು, ಮೂರನೆಯದಕ್ಕೆ ಗೊಂದಲವಾಯಿತು, ಆಮೇಲೆ ಸುಮ್ಮನೆ ಕೂತು ಕೇಳತೊಡಗಿದರು. ಒಬ್ಬಳು ಹುಡುಗಿ ಫೋನ್ ಎತ್ತಿ ವಿಡಿಯೋ ಶುರು ಮಾಡಿದಳು.

ಅಕ್ಕ ಕೈ ಎತ್ತಿ ಅಂಗೈಯನ್ನು ಮೆಲ್ಲಗೆ ಕೆಳಗೆ ಇಳಿಸಿ ತೋರಿಸಿದಳು. ಇಳಿಸು, ಕೊನೆಗೆ ಇಳಿಸು. ಮಗಳು ನೋಡಿದಳು, ತಲೆ ಆಡಿಸಿದಳು, ಮುಂದಿನ ಸಾಲನ್ನು ಪೂರ್ತಿಯಾಗಿ ತಗ್ಗಿಸಿ ಹಾಡಿದಳು. ಮೊದಲಿಂದ ಕೊನೆವರೆಗೂ ಒಂದೇ ಸಮ ತಗ್ಗಿಸಿ. ಅಕ್ಕನ ಕೈ ತೊಡೆಯ ಮೇಲೆ ಬಿತ್ತು.

ಆಮೇಲೆ ಅಕ್ಕ ತಾನೇ ಹಾಡತೊಡಗಿದಳು. ಸದ್ದಿಲ್ಲ, ಬರೀ ತುಟಿ. ಮಗಳ ಹಾಡಿಗೆ ಸೇರದೆ ತನ್ನದೇ ನಡೆಯಲ್ಲಿ ಒಂದು ಸಾಲು ಹೇಳಿ, ಎಲ್ಲಿ ಬಿಡಬೇಕೋ ಅಲ್ಲಿ ಬಿಟ್ಟಳು. ಪಕ್ಕದಲ್ಲಿದ್ದ ವಾರಗಿತ್ತಿಯವರು ಆ ತುಟಿಯನ್ನೇ ನೋಡುತ್ತಿದ್ದರು. ಬಿಟ್ಟದ್ದೇ ತಡ, ಅಭ್ಯಾಸಬಲ, ಗಟ್ಟಿಯಾಗಿ ಸೊಲ್ಲು ಎತ್ತಿಬಿಟ್ಟರು. ಚಪ್ಪರದಲ್ಲಿ ಎರಡು ಹಾಡು ಒಂದಕ್ಕೊಂದು ಡಿಕ್ಕಿ ಹೊಡೆದವು. ಹೆಂಗಸರೆಲ್ಲ ತಿರುಗಿ ನೋಡಿದರು. ಫೋನ್ ಹಿಡಿದಿದ್ದ ಹುಡುಗಿ, "ಆಂಟಿ, ಒಂದ್ನಿಮಿಷ ಸುಮ್ನಿರಿ, ವಿಡಿಯೋ ಆಗ್ತಾ ಐತೆ" ಅಂದಳು. ಯಾರೋ ಕಿಸಕ್ಕನೆ ನಕ್ಕರು. ವಾರಗಿತ್ತಿಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಕ್ಕನೂ ತುಟಿ ಮುಚ್ಚಿದಳು.

ನಾನು ಎದ್ದು ಹೇಳಬಹುದಿತ್ತು. ತಪ್ಪು ಅವರದಲ್ಲ, ನನ್ನದು, ಹಾಡೋದು ಹಾಗಲ್ಲ ಅಂತ. ಅಷ್ಟು ಜನರ ಮಧ್ಯೆ ಹುಡುಗಿಗೆ ಅವಮಾನ ಆಗುತ್ತದೆ ಅಂತ ನನಗೆ ನಾನೇ ನೆಪ ಹೇಳಿಕೊಂಡು ಕೂತೆ. ನಿಜವಾಗಿ ನನಗೆ ಧೈರ್ಯ ಇರಲಿಲ್ಲ.

ಪದ ಮುಗಿದಾಗ ಎಲ್ಲರೂ ಹೊಗಳಿದರು. ಥೇಟ್ ಅವ್ವನ ಥರಾನೇ ಹಾಡ್ತಾಳೆ ಅಂದರು. ಹುಡುಗಿ ಎದ್ದು ಓಡಿ ಬಂದು ಅಕ್ಕನ ಮುಂದೆ ಮಂಡಿಯೂರಿ ಕೂತಳು. ಮುಖವೆಲ್ಲ ಬೆವರು, ಕಣ್ಣು ಹೊಳೆಯುತ್ತಿತ್ತು.

"ನಿನ್ನಂಗೇ ಬಂತಾ ಅಮ್ಮ?"

ಅಕ್ಕ ಅವಳ ಕೆನ್ನೆಗೆ ಹತ್ತಿದ್ದ ಅರಿಶಿನವನ್ನು ಹೆಬ್ಬೆರಳಿನಿಂದ ಒರೆಸಿದಳು. ನನ್ನ ಕಡೆ ನೋಡಲಿಲ್ಲ. ಹೌದು ಅಂತ ತಲೆ ಆಡಿಸಿದಳು.